ಕದನದಲ್ಲಿ ಹಡಗುಪಡೆಯ ನಾಯಕತ್ವ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಮುದ್ರದ ಮೇಲೆ ನಡೆಯುವ ಕದನದಲ್ಲಿ ಹತ್ತಾರು ಯುದ್ಧನೌಕೆಗಳನ್ನು ಒಬ್ಬ ನಾಯಕ ಹೇಗೆ ನಡೆಸುತ್ತಾನೆ ಎಂಬುದನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ. ಒಂದೇ ಸಂಗತಿಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದ ಪ್ರಶ್ನೆಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ಚಲನಚಿತ್ರಗಳಲ್ಲಿ ಅಡ್ಮಿರಲ್ ಒಬ್ಬ ಎತ್ತರದಲ್ಲಿ ನಿಂತು ಪ್ರತಿಯೊಂದು ಹಡಗಿಗೂ ಒಂದರ ಮೇಲೊಂದು ಆಜ್ಞೆ ಕೊಡುತ್ತಿರುತ್ತಾನೆ. ನಿಜವಾದ ಕದನದಲ್ಲಿಯೂ ಹಾಗೆಯೇ ನಡೆಯುತ್ತದೆಯೇ? ಕದನದ ಹೊತ್ತಿನಲ್ಲಿ ಪಡೆಯ ನಾಯಕ ಮಾಡುವ ಕೆಲಸವಾದರೂ ಏನು?

ಉತ್ತರ: ಹಾಗೆ ನಡೆಯುವುದಿಲ್ಲ. ಪ್ರತಿ ಹಡಗಿಗೂ ಅದರದೇ ಆದ ಕ್ಯಾಪ್ಟನ್ ಇರುತ್ತಾನೆ. ಚುಕ್ಕಾಣಿಯನ್ನು ಎತ್ತ ತಿರುಗಿಸಬೇಕು, ಯಾವ ಫಿರಂಗಿ ಯಾವ ಗುರಿಯ ಮೇಲೆ ಗುಂಡು ಹಾರಿಸಬೇಕು, ನೀರು ನುಗ್ಗಿದ ವಿಭಾಗವನ್ನು ಮುಚ್ಚಬೇಕೇ ಬೇಡವೇ ಎಂಬುದೆಲ್ಲ ಆ ಕ್ಯಾಪ್ಟನ್‌ಗೆ ಬಿಟ್ಟದ್ದು. ಪಡೆಯ ನಾಯಕ ಅದಕ್ಕೆಲ್ಲ ಕೈಹಾಕಿದರೆ ಅವನೊಬ್ಬನೇ ಮಾಡಬಹುದಾದ ಕೆಲಸವನ್ನು ಮಾಡುವವರು ಯಾರೂ ಉಳಿಯುವುದಿಲ್ಲ. ನಾಯಕನ ಪಾಲಿನ ತೀರ್ಮಾನಗಳು ಕೆಲವೇ: ಶತ್ರುವನ್ನು ಈಗ ಎದುರಿಸಬೇಕೇ ಬೇಡವೇ, ಎದುರಿಸುವುದಾದರೆ ಎಲ್ಲಿ, ಯಾವ ಹೊತ್ತಿನಲ್ಲಿ, ಇರುವ ಬಲವನ್ನು ಶತ್ರುವಿನ ಯಾವ ಭಾಗದ ಮೇಲೆ ಒಟ್ಟಾಗಿ ಹೇರಬೇಕು, ಮತ್ತು ಯಾವಾಗ ಹೋರಾಟವನ್ನು ನಿಲ್ಲಿಸಿ ಹಿಂದೆ ಸರಿಯಬೇಕು. ಇವಿಷ್ಟನ್ನು ತಿಳಿಯಾದ ಮನಸ್ಸಿನಿಂದ ತೀರ್ಮಾನಿಸಬೇಕಾದರೆ ಉಳಿದದ್ದನ್ನೆಲ್ಲ ಮೊದಲೇ ಹಂಚಿಕೊಟ್ಟಿರಬೇಕು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತು ಸೈನಿಕನಿಗಿಂತ ಹೆಚ್ಚಾಗಿ ನಾಯಕನಿಗೇ ಅನ್ವಯಿಸುತ್ತದೆ ಎಂದು ನಾನು ನಂಬುತ್ತೇನೆ.

1805ರ ಅಕ್ಟೋಬರ್ 21ರಂದು ಸ್ಪೇನಿನ ಟ್ರಫಾಲ್ಗರ್ ಭೂಶಿರದ ಬಳಿ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ತನ್ನ 27 ದೊಡ್ಡ ಯುದ್ಧನೌಕೆಗಳೊಂದಿಗೆ ಫ್ರಾನ್ಸ್ ಮತ್ತು ಸ್ಪೇನಿನ 33 ನೌಕೆಗಳನ್ನು ಎದುರಿಸಿದ. ಆ ಕದನದ ಮುಖ್ಯ ಕೆಲಸ ನಡೆದದ್ದು ಅದಕ್ಕೆ ಮೂರು ವಾರ ಮೊದಲು. ಸೆಪ್ಟೆಂಬರ್ ಕೊನೆಯಲ್ಲಿ ಪಡೆಯನ್ನು ಸೇರಿಕೊಂಡ ಕೂಡಲೇ ಅವನು ಕ್ಯಾಪ್ಟನ್‌ಗಳನ್ನು ತನ್ನ ಹಡಗಿಗೆ ಊಟಕ್ಕೆ ಕರೆದು, ಪಡೆಯನ್ನು ಭಾಗಗಳಾಗಿ ಮಾಡಿ ಶತ್ರುವಿನ ಸಾಲನ್ನು ನಡುವೆ ಸೀಳುವ ಯೋಜನೆಯನ್ನು ಬಿಡಿಸಿ ಹೇಳಿದ. ಅಕ್ಟೋಬರ್ 9ರಂದು ಅದನ್ನು ಬರವಣಿಗೆಯಲ್ಲಿಯೂ ಕೊಟ್ಟ. ಸಂಕೇತಗಳು ಕಾಣಿಸದಿದ್ದರೆ ಅಥವಾ ಸ್ಪಷ್ಟವಾಗಿ ಅರ್ಥವಾಗದಿದ್ದರೆ, ತನ್ನ ಹಡಗನ್ನು ಶತ್ರುವಿನ ಹಡಗಿನ ಪಕ್ಕಕ್ಕೆ ತಂದು ನಿಲ್ಲಿಸುವ ಯಾವ ಕ್ಯಾಪ್ಟನ್ನೂ ದೊಡ್ಡ ತಪ್ಪು ಮಾಡಿದಂತಾಗುವುದಿಲ್ಲ ಎಂಬ ಸೂಚನೆ ಅದರಲ್ಲಿದೆ. ಆಜ್ಞೆ ತಲುಪದೆ ಹೋದಾಗ ಏನು ಮಾಡಬೇಕು ಎಂಬ ಆಜ್ಞೆಯನ್ನೂ ಮುಂಚಿತವಾಗಿ ಕೊಟ್ಟಿದ್ದರಲ್ಲಿ ನೆಲ್ಸನ್‌ನ ಹೆಚ್ಚುಗಾರಿಕೆ ಇದೆ. ಮಧ್ಯಾಹ್ನ ಒಂದೂಕಾಲರ ಸುಮಾರಿಗೆ ಅವನಿಗೆ ಗುಂಡು ತಗುಲಿತು. ನಾಲ್ಕೂವರೆಯ ಹೊತ್ತಿಗೆ ಅವನು ತೀರಿಕೊಂಡ. ಆ ಮೂರು ಗಂಟೆಗಳಲ್ಲಿ ಅವನ ಪಡೆ ಗೊಂದಲಕ್ಕೆ ಬೀಳಲಿಲ್ಲ. ಎರಡನೆಯ ಸಾಲನ್ನು ನಡೆಸುತ್ತಿದ್ದ ಕಾಲಿಂಗ್‌ವುಡ್‌ಗೆ ಮುಂದೇನು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ದಿನ ಬ್ರಿಟಿಷರು ಒಂದು ಹಡಗನ್ನೂ ಕಳೆದುಕೊಳ್ಳಲಿಲ್ಲ. ಎದುರಾಳಿಗಳ 17 ಹಡಗುಗಳು ಸೆರೆಸಿಕ್ಕವು, ಒಂದು ಬೆಂಕಿಗೆ ಸಿಲುಕಿ ಸಿಡಿಯಿತು.

ಪ್ರಶ್ನೆ: ಸ್ಪಷ್ಟವಾಗಿ ಆಜ್ಞೆ ಕೊಟ್ಟರೂ ಹಡಗುಗಳು ಅದನ್ನು ತಪ್ಪಾಗಿ ತಿಳಿದುಕೊಂಡ ಉದಾಹರಣೆಗಳು ಇತಿಹಾಸದಲ್ಲಿ ಏಕೆ ಇಷ್ಟೊಂದು ಸಿಗುತ್ತವೆ?

ಉತ್ತರ: ಕೊಡುವವನಿಗೆ ಸ್ಪಷ್ಟವಾಗಿ ಕಂಡದ್ದು ಪಡೆಯುವವನಿಗೂ ಹಾಗೆಯೇ ಕಾಣಬೇಕೆಂದಿಲ್ಲ. 1781ರ ಸೆಪ್ಟೆಂಬರ್ 5ರಂದು ಅಮೆರಿಕದ ಚೆಸಪೀಕ್ ಕೊಲ್ಲಿಯ ಬಾಯಿಯಲ್ಲಿ ಬ್ರಿಟಿಷ್ ಅಡ್ಮಿರಲ್ ಗ್ರೇವ್ಸ್ 19 ನೌಕೆಗಳೊಂದಿಗೆ 24 ಫ್ರೆಂಚ್ ನೌಕೆಗಳನ್ನು ಎದುರಿಸಿದಾಗ, ಸಾಲು ಬಿಡದೆ ಒಂದರ ಹಿಂದೊಂದು ಬರಬೇಕು ಎಂಬ ಬಾವುಟವೂ ಶತ್ರುವಿನ ಸಮೀಪಕ್ಕೆ ಹೋಗಿ ಹೋರಾಡಬೇಕು ಎಂಬ ಬಾವುಟವೂ ಅವನ ಹಡಗಿನ ಮೇಲೆ ಒಟ್ಟಿಗೆ ಹಾರಾಡಿದವು. ಎರಡು ಸಾಲುಗಳು ಓರೆಯಾಗಿ ಸಂಧಿಸುತ್ತಿದ್ದುದರಿಂದ, ಸಾಲನ್ನು ಕಾಪಾಡಿದರೆ ಹಿಂದಿನ ಹಡಗುಗಳು ಶತ್ರುವಿನ ಸಮೀಪಕ್ಕೆ ಹೋಗುವಂತಿರಲಿಲ್ಲ, ಸಮೀಪಕ್ಕೆ ಹೋದರೆ ಸಾಲು ಉಳಿಯುವಂತಿರಲಿಲ್ಲ. ಹಿಂದಿನ ತಂಡದ ನಾಯಕ ಹುಡ್ ಸಾಲನ್ನು ಕಾಪಾಡುವ ಆಜ್ಞೆಗೆ ಅಂಟಿಕೊಂಡ; ಅವನ ಹಡಗುಗಳು ಬಹುಮಟ್ಟಿಗೆ ಕದನಕ್ಕೇ ಬರಲಿಲ್ಲ. ಕೊಲ್ಲಿ ಫ್ರೆಂಚರ ವಶದಲ್ಲಿಯೇ ಉಳಿಯಿತು, ಯಾರ್ಕ್‌ಟೌನ್‌ನಲ್ಲಿದ್ದ ಬ್ರಿಟಿಷ್ ಸೇನೆಗೆ ಸಮುದ್ರದ ದಾರಿ ಮುಚ್ಚಿಹೋಯಿತು, ಅಕ್ಟೋಬರ್ 19ರಂದು ಅದು ಶರಣಾಯಿತು. ಹುಡ್‌ನದು ತಪ್ಪೇ, ಗ್ರೇವ್ಸ್‌ನದು ತಪ್ಪೇ ಎಂಬ ಚರ್ಚೆ ಇಂದಿಗೂ ಇದೆ. ಎರಡು ಆಜ್ಞೆಗಳು ಒಂದನ್ನೊಂದು ಎದುರಿಸುವಾಗ ಯಾವುದು ದೊಡ್ಡದು ಎಂದು ಮೊದಲೇ ಹೇಳಿರದ ನಾಯಕನ ಮೇಲೆಯೇ ಹೊಣೆ ಹೆಚ್ಚು ಎಂದು ನನ್ನ ಅಭಿಪ್ರಾಯ.

ಇನ್ನೊಂದು ಬಗೆಯ ತಪ್ಪನ್ನು 1916ರ ಮೇ 31ರಂದು ಉತ್ತರ ಸಮುದ್ರದಲ್ಲಿ ನಡೆದ ಜಟ್ಲೆಂಡ್ ಕದನದಲ್ಲಿ ಕಾಣಬಹುದು. ಬ್ರಿಟಿಷ್ ಬ್ಯಾಟಲ್‌ಕ್ರೂಸರ್‌ಗಳ (ದೊಡ್ಡ ಫಿರಂಗಿಗಳಿದ್ದರೂ ಕವಚ ತೆಳುವಾಗಿದ್ದ ವೇಗದ ಹಡಗುಗಳ) ನಾಯಕ ಬೀಟಿ ಮಧ್ಯಾಹ್ನ ಎರಡೂವರೆಯ ನಂತರ ಶತ್ರುವಿನತ್ತ ತಿರುಗಿದ. ಅವನ ಜೊತೆಗಿದ್ದ ಅತ್ಯಂತ ಬಲಿಷ್ಠವಾದ ನಾಲ್ಕು ಯುದ್ಧನೌಕೆಗಳು ಕೆಲವು ಮೈಲಿ ದೂರದಲ್ಲಿದ್ದವು. ಚಿಮಣಿಗಳ ಹೊಗೆಯಲ್ಲಿ ಅವುಗಳಿಗೆ ಬಾವುಟದ ಸಂಕೇತ ಕಾಣಿಸಲಿಲ್ಲ. ಅವುಗಳ ನಾಯಕ ಇವಾನ್-ಥಾಮಸ್ ಹಲವು ನಿಮಿಷಗಳ ಕಾಲ ಹಳೆಯ ದಿಕ್ಕಿನಲ್ಲಿಯೇ ಸಾಗಿದ, ಅಂತರ ಹತ್ತು ಮೈಲಿಯಷ್ಟಾಯಿತು. ಅವನ ಫಿರಂಗಿಗಳು ಜರ್ಮನ್ ಬ್ಯಾಟಲ್‌ಕ್ರೂಸರ್‌ಗಳ ಮೇಲೆ ಗುಂಡು ಸುರಿಸುವ ಹೊತ್ತಿಗೆ ಬೀಟಿಯ ಇಂಡಿಫ್ಯಾಟಿಗಬಲ್ ಎಂಬ ಹಡಗು ಸಿಡಿದು ಮುಳುಗಿಹೋಗಿತ್ತು. ಬಾವುಟ ಕಾಣದಿದ್ದರೂ ಬೀಟಿ ಓಡುತ್ತಿದ್ದ ದಿಕ್ಕು ಕಾಣುತ್ತಿತ್ತಲ್ಲ, ಹಿಂಬಾಲಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಇವಾನ್-ಥಾಮಸ್ ಆ ತಂಡಕ್ಕೆ ಬಂದು ಕೆಲವೇ ದಿನಗಳಾಗಿದ್ದವು. ಅಷ್ಟು ದಿನಗಳಲ್ಲಿ ಬೀಟಿ ಅವನನ್ನು ಕರೆದು ಕೂರಿಸಿ, ನಾನು ಕದನವನ್ನು ಹೀಗೆ ನಡೆಸುತ್ತೇನೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಆಜ್ಞೆಗಾಗಿ ಕಾಯುವುದೇ ಶಿಸ್ತು ಎಂದು ಕಲಿತು ಬಂದ ಅಧಿಕಾರಿಯಿಂದ ಬೇರೆ ನಡವಳಿಕೆಯನ್ನು ನಿರೀಕ್ಷಿಸುವಂತಿರಲಿಲ್ಲ.

ಇವುಗಳಿಂದ ಹೊರಡುವ ಕಟ್ಟಳೆಗಳು ಸರಳವಾಗಿವೆ. ಒಂದು ಆಜ್ಞೆಯಲ್ಲಿ ಒಂದೇ ಕೆಲಸ ಇರಬೇಕು. ಆ ಕೆಲಸದ ಉದ್ದೇಶವನ್ನು ಕೆಲವೇ ಪದಗಳಲ್ಲಿ ಹೇಳಿರಬೇಕು, ಏಕೆಂದರೆ ಪರಿಸ್ಥಿತಿ ಬದಲಾದಾಗ ಆಜ್ಞೆ ಹಳತಾದರೂ ಉದ್ದೇಶ ಹಳತಾಗುವುದಿಲ್ಲ. ಆಜ್ಞೆ ತಲುಪಿತು ಎಂಬ ಮರುಮಾತು ಬರುವವರೆಗೆ ಅದು ತಲುಪಿಲ್ಲ ಎಂದೇ ನಾಯಕ ಭಾವಿಸಬೇಕು.

ಪ್ರಶ್ನೆ: ಮಾಹಿತಿ ಅರೆಬರೆಯಾಗಿ ಬರುತ್ತಿರುವಾಗ ನಾಯಕ ಎಷ್ಟು ಹೊತ್ತು ಕಾಯಬೇಕು? ತಡಮಾಡಿದರೆ ಅವಕಾಶ ಕೈತಪ್ಪುತ್ತದೆ, ಆತುರಪಟ್ಟರೆ ಪಡೆಯೇ ನಾಶವಾಗಬಹುದು.

ಉತ್ತರ: ಈ ಪ್ರಶ್ನೆಗೆ ಜಟ್ಲೆಂಡ್ ಕದನದ ಸಂಜೆಗಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ. ಬ್ರಿಟಿಷರ ಮುಖ್ಯ ಪಡೆಯ ನಾಯಕ ಜೆಲಿಕೊ ಐರನ್ ಡ್ಯೂಕ್ ಎಂಬ ನೌಕೆಯಲ್ಲಿದ್ದ. ಅವನ 24 ಯುದ್ಧನೌಕೆಗಳು ನಾಲ್ಕು ನಾಲ್ಕರಂತೆ ಆರು ಸಾಲುಗಳಲ್ಲಿ ಪಕ್ಕಪಕ್ಕದಲ್ಲಿ ಸಾಗುತ್ತಿದ್ದವು. ಪಯಣಕ್ಕೆ ಅನುಕೂಲವಾದ ಈ ರಚನೆ ಹೋರಾಟಕ್ಕೆ ಅನುಕೂಲವಲ್ಲ. ಎಲ್ಲ ಫಿರಂಗಿಗಳೂ ಶತ್ರುವಿನತ್ತ ತಿರುಗಬೇಕಾದರೆ 24 ಹಡಗುಗಳೂ ಒಂದೇ ಉದ್ದನೆಯ ಸಾಲಾಗಬೇಕು, ಹಾಗಾಗಲು ಸುಮಾರು ಇಪ್ಪತ್ತು ನಿಮಿಷ ಬೇಕು, ಒಮ್ಮೆ ಆರಂಭಿಸಿದರೆ ನಡುವೆ ಬದಲಾಯಿಸುವಂತಿಲ್ಲ. ಸಾಲನ್ನು ಎಡದಿಂದ ಬಿಚ್ಚಬೇಕೇ ಬಲದಿಂದ ಬಿಚ್ಚಬೇಕೇ ಎಂಬುದು ಶತ್ರು ಎಲ್ಲಿದ್ದಾನೆ ಎಂಬುದರ ಮೇಲೆ ನಿಂತಿತ್ತು. ಶತ್ರುವಿನ ಮುಖ್ಯ ಪಡೆ ಎಲ್ಲಿದೆ ಎಂದು ಸಂಜೆ ಆರರ ಸುಮಾರಿಗೆ ಅವನು ಬೀಟಿಯನ್ನು ದೀಪದ ಸಂಕೇತದಲ್ಲಿ ಕೇಳಿದ; ಬಂದ ಉತ್ತರದಲ್ಲಿ ಬ್ಯಾಟಲ್‌ಕ್ರೂಸರ್‌ಗಳ ದಿಕ್ಕು ಮಾತ್ರ ಇತ್ತು. ಮತ್ತೆ ಕೇಳಿದ. 6 ಗಂಟೆ 14 ನಿಮಿಷಕ್ಕೆ ಮುಖ್ಯ ಪಡೆಯ ದಿಕ್ಕು ತಿಳಿಯಿತು, ದೂರ ಮಾತ್ರ ತಿಳಿಯಲಿಲ್ಲ.

ಜೆಲಿಕೊ ದಿಕ್ಸೂಚಿಯ ಬಳಿಗೆ ಬಂದು, ಸುತ್ತಲಿನವರು ಮೌನವಾಗಿ ನೋಡುತ್ತಿರುವಾಗ, ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಅದನ್ನೇ ದಿಟ್ಟಿಸಿ, ಎಡಗಡೆಯ ಸಾಲಿನಿಂದ ಬಿಚ್ಚಿಕೊಳ್ಳುವಂತೆ ಆಜ್ಞೆ ಕೊಟ್ಟ. ಬಲಗಡೆಯ ಸಾಲು ಶತ್ರುವಿಗೆ ಹೆಚ್ಚು ಸಮೀಪದಲ್ಲಿತ್ತು. ಅಲ್ಲಿಂದ ಬಿಚ್ಚಿದ್ದರೆ ಬೇಗ ಗುಂಡು ಹಾರಿಸಬಹುದಿತ್ತು, ಆದರೆ ತಿರುಗುತ್ತಿರುವ ಹಡಗುಗಳು ಒಂದೊಂದಾಗಿ ಇಡೀ ಜರ್ಮನ್ ಪಡೆಯ ಬೆಂಕಿಗೆ ಸಿಗುತ್ತಿದ್ದವು. ಎಡಗಡೆಯಿಂದ ಬಿಚ್ಚಿದ್ದರಿಂದ ಕೆಲವು ನಿಮಿಷಗಳು ಕಳೆದರೂ ಅವನ ಸಾಲು ಜರ್ಮನ್ ಸಾಲಿನ ಮುಂದೆ ಅಡ್ಡಲಾಗಿ ಹರಡಿಕೊಂಡಿತು, ಅವನ ಹಡಗುಗಳು ಪೂರ್ವದ ಮಂಜಿನಲ್ಲಿ ಮರೆಯಾಗಿದ್ದವು, ಶತ್ರುವಿನ ಹಡಗುಗಳು ಪಶ್ಚಿಮದ ಬೆಳಕಿಗೆ ಎದ್ದುಕಾಣುತ್ತಿದ್ದವು. ಜರ್ಮನ್ ನಾಯಕ ಶೇರ್‌ಗೆ ತನ್ನ ಎಲ್ಲ ಹಡಗುಗಳನ್ನೂ ಒಟ್ಟಿಗೆ ಹಿಂದಿರುಗಿಸಿ ತಪ್ಪಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಆ ತಿರುವನ್ನು ಜರ್ಮನ್ನರು ಮೊದಲೇ ಅಭ್ಯಾಸ ಮಾಡಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಶೇರ್ ಉಳಿದದ್ದು ಆ ಅಭ್ಯಾಸದಿಂದಲೇ.

ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಗಡಿಯಾರ ತೀರ್ಮಾನಿಸುವುದಿಲ್ಲ. ತನ್ನ ಪಡೆಗೆ ಒಂದು ರಚನೆಯಿಂದ ಇನ್ನೊಂದಕ್ಕೆ ಬರಲು ಬೇಕಾಗುವ ಕಾಲ ತೀರ್ಮಾನಿಸುತ್ತದೆ. ಅದನ್ನು ಬಲ್ಲ ನಾಯಕನಿಗೆ ಇನ್ನು ಕಾಯಲಾಗದು ಎಂಬ ಕ್ಷಣ ಯಾವುದೆಂದು ತಿಳಿದಿರುತ್ತದೆ, ಆ ಕ್ಷಣದವರೆಗೆ ಅವನು ಮಾಹಿತಿಯನ್ನು ಕೇಳುತ್ತಲೇ ಇರಬಹುದು. ಮಾಹಿತಿಯ ವಿಷಯದಲ್ಲಿ ಜೆಲಿಕೊನ ಕೈಕೆಳಗಿನವರು ಅವನನ್ನು ಆ ರಾತ್ರಿಯೂ ಕೈಬಿಟ್ಟರು. ಮನೆಗೆ ಮರಳುತ್ತಿದ್ದ ಜರ್ಮನ್ ಪಡೆ ಬ್ರಿಟಿಷ್ ಪಡೆಯ ಹಿಂಭಾಗದಲ್ಲಿ ನುಗ್ಗಿ ಹೋಗುವುದನ್ನು ಕೆಲವು ಬ್ರಿಟಿಷ್ ಹಡಗುಗಳು ಕಂಡವು. ನಾಯಕನಿಗೂ ಕಂಡಿರಬಹುದೆಂದು ಭಾವಿಸಿಯೋ ಏನೋ, ಯಾರೂ ಅವನಿಗೆ ತಿಳಿಸಲಿಲ್ಲ. ಬೆಳಗಾಗುವ ಹೊತ್ತಿಗೆ ಸಮುದ್ರ ಖಾಲಿಯಾಗಿತ್ತು. ಕಂಡದ್ದನ್ನು ಕಂಡ ಕೂಡಲೇ ಮೇಲಕ್ಕೆ ತಿಳಿಸಬೇಕು, ಎರಡು ಸಲ ತಿಳಿಸಿದರೂ ಬೇಸರವಿಲ್ಲ ಎಂಬ ರೂಢಿಯನ್ನು ಶಾಂತಿಯ ದಿನಗಳಲ್ಲಿಯೇ ಬೆಳೆಸದಿದ್ದರೆ ಕದನದ ರಾತ್ರಿ ಅದು ತಾನಾಗಿ ಹುಟ್ಟಿಕೊಳ್ಳುವುದಿಲ್ಲ.

ಪ್ರಶ್ನೆ: ಹಡಗುಗಳ ಸಂಖ್ಯೆ ಕಡಿಮೆಯಿದ್ದ ಪಡೆ ಗೆಲ್ಲುವುದು ಧೈರ್ಯದಿಂದಲೇ, ಅಥವಾ ಅದಕ್ಕೊಂದು ಲೆಕ್ಕಾಚಾರವಿದೆಯೇ?

ಉತ್ತರ: ಲೆಕ್ಕಾಚಾರವಿದೆ. ಮೊದಲ ಮಹಾಯುದ್ಧದ ಕಾಲದ ಇಂಗ್ಲಿಷ್ ಇಂಜಿನಿಯರ್ ಲಾಂಚೆಸ್ಟರ್ ತೋರಿಸಿದಂತೆ, ಪ್ರತಿ ಹಡಗೂ ಎದುರಾಳಿಯ ಯಾವುದೇ ಹಡಗಿಗೆ ಗುರಿಯಿಡಬಹುದಾದ ಕದನದಲ್ಲಿ ಪಡೆಯ ಬಲವು ಅದರ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಸಮಾನ ಗುಣದ ಹತ್ತು ಹಡಗುಗಳು ಹತ್ತನ್ನು ಎದುರಿಸಿದರೆ ಎರಡೂ ಕಡೆ ನಾಶ ಸಮವಾಗಿರುತ್ತದೆ. ಅದೇ ಹತ್ತು ಹಡಗುಗಳು ಮೊದಲು ಐದನ್ನು, ಆಮೇಲೆ ಉಳಿದ ಐದನ್ನು ಎದುರಿಸುವಂತಾದರೆ, ನೂರರಿಂದ ಇಪ್ಪತ್ತೈದನ್ನು ಎರಡು ಸಲ ಕಳೆದಾಗ ಐವತ್ತು ಉಳಿಯುತ್ತದೆ. ಅದರ ವರ್ಗಮೂಲ ಏಳಕ್ಕಿಂತ ತುಸು ಹೆಚ್ಚು. ಎದುರಾಳಿಯ ಹತ್ತೂ ಹಡಗುಗಳು ನಾಶವಾದಾಗ ಈ ಕಡೆ ಏಳು ಉಳಿದಿರುತ್ತವೆ. ಶತ್ರುವಿನ ಪಡೆಯನ್ನು ಒಡೆದು ಒಂದು ತುಂಡಿನ ಮೇಲೆ ಬೀಳಬೇಕು, ಇನ್ನೊಂದು ತುಂಡು ಬರುವ ಮೊದಲೇ ಕೆಲಸ ಮುಗಿಸಬೇಕು ಎಂದು ಹಿಂದಿನ ನಾಯಕರು ಅನುಭವದಿಂದ ಕಂಡುಕೊಂಡಿದ್ದುದು ಇದನ್ನೇ. ಟ್ರಫಾಲ್ಗರ್‌ನಲ್ಲಿ ಸೀಳಿದ ಸಾಲಿನ ಮುಂಭಾಗದ ಹಡಗುಗಳು ಗಾಳಿಗೆದುರಾಗಿ ಹಿಂದಿರುಗಿ ಬರುವುದರೊಳಗೆ ನಡುವೆ ಮತ್ತು ಹಿಂದೆ ಇದ್ದವುಗಳ ಗತಿ ಮುಗಿದಿತ್ತು.

ಒಡೆಯಲಾಗದಷ್ಟು ದೊಡ್ಡ ಪಡೆ ಎದುರಿಗಿದ್ದರೆ ಅದರ ಬಹುಪಾಲನ್ನು ನಿರುಪಯೋಗಿಯಾಗಿಸುವ ಜಾಗವನ್ನು ಹುಡುಕಬೇಕು. ಕೊರಿಯಾದ ಯಿ ಸುನ್-ಸಿನ್ 1597ರ ಅಕ್ಟೋಬರ್ 26ರಂದು ಮ್ಯೊಂಗ್‌ನ್ಯಾಂಗ್‌ನಲ್ಲಿ ಮಾಡಿದ್ದು ಅದನ್ನೇ. ಕೆಲವು ವಾರಗಳ ಹಿಂದೆ ಬೇರೊಬ್ಬನ ನಾಯಕತ್ವದಲ್ಲಿ ಕೊರಿಯಾದ ಪಡೆ ಬಹುತೇಕ ನಾಶವಾಗಿತ್ತು. ಮತ್ತೆ ಅಧಿಕಾರಕ್ಕೆ ಬಂದ ಯಿ ಬಳಿ ಉಳಿದದ್ದು 13 ಯುದ್ಧನೌಕೆಗಳು, ಎದುರಿಗೆ ಬಂದದ್ದು 130ಕ್ಕೂ ಹೆಚ್ಚು ಜಪಾನಿ ಹಡಗುಗಳು. ಅವನು ಆರಿಸಿಕೊಂಡ ಜಲಸಂಧಿ ಬಹಳ ಕಿರಿದು, ಉಬ್ಬರವಿಳಿತದ ಸೆಳೆತ ಅಲ್ಲಿ ನದಿಯ ಪ್ರವಾಹದಷ್ಟು ರಭಸ, ದಿನದಲ್ಲಿ ಹಲವು ಸಲ ಅದರ ದಿಕ್ಕು ತಿರುಗುತ್ತದೆ. ಅಷ್ಟು ಕಿರಿದಾದ ಕಡೆ ನೂರಾರು ಹಡಗುಗಳಿದ್ದರೂ ಮುಂದಿನ ಕೆಲವೇ ಹೋರಾಡಬಲ್ಲವು.

ಜಾಗವನ್ನು ಆರಿಸಿದ ಮಾತ್ರಕ್ಕೆ ಎಲ್ಲವೂ ಸುಸೂತ್ರವಾಗಿ ನಡೆಯಲಿಲ್ಲ ಎಂಬುದು ಅವನ ದಿನಚರಿಯಿಂದಲೇ ತಿಳಿಯುತ್ತದೆ. ಕದನ ಆರಂಭವಾದಾಗ ಅವನ ಹಡಗು ಒಂಟಿಯಾಗಿ ಮುಂದಿತ್ತು, ಉಳಿದವು ಭಯದಿಂದ ಹಿಂದೆ ಸರಿದಿದ್ದವು. ಅವನು ಹಿಂದಿರುಗಿ ಹೋಗಿ ಅವರನ್ನು ಗದರಿಸಲಿಲ್ಲ. ನಾಯಕನ ಹಡಗು ತಿರುಗಿದರೆ ಉಳಿದವರು ಓಡಿಹೋಗುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಜಾಗ ಬಿಟ್ಟು ಕದಲದೆ ಅಲ್ಲಿಯೇ ನಿಂತು, ಆಜ್ಞೆಯ ಬಾವುಟ ಏರಿಸಿ ಅಧಿಕಾರಿಗಳನ್ನು ಕರೆದ. ಮೊದಲು ಬಂದ ಆನ್ ವಿ ಎಂಬವನಿಗೆ, ಓಡಿಹೋದರೆ ಎಲ್ಲಿ ಬದುಕುತ್ತೀಯೆ, ಸೇನಾ ಶಾಸನದ ಕೈಯಲ್ಲಿ ಸಾಯಬೇಕೆಂದಿದ್ದೀಯಾ ಎಂದು ಕೂಗಿ ಕೇಳಿದ. ಆನ್ ವಿ ನೇರವಾಗಿ ಶತ್ರುವಿನ ನಡುವೆ ನುಗ್ಗಿದ, ಉಳಿದವರು ಒಬ್ಬೊಬ್ಬರಾಗಿ ಬಂದರು. ಸೆಳೆತದ ದಿಕ್ಕು ತಿರುಗಿದಾಗ ಒತ್ತೊತ್ತಾಗಿದ್ದ ಜಪಾನಿ ಹಡಗುಗಳು ಒಂದಕ್ಕೊಂದು ತಾಗಿ ಚದುರಿದವು. ಅವುಗಳಲ್ಲಿ 31 ನಾಶವಾದವೆಂದು ಯಿ ಬರೆದಿದ್ದಾನೆ. ಅವನ 13ರಲ್ಲಿ ಒಂದೂ ಮುಳುಗಲಿಲ್ಲ. ಲೆಕ್ಕಾಚಾರ ಅವನಿಗೆ ಅವಕಾಶವನ್ನು ಕೊಟ್ಟಿತು, ಆ ಅವಕಾಶದವರೆಗೆ ಪಡೆಯನ್ನು ಹಿಡಿದಿಟ್ಟದ್ದು ಅವನ ಧೈರ್ಯ. ಪ್ರಶ್ನೆ ಕೇಳಿದವರು ಎರಡನ್ನೂ ಬೇರೆ ಮಾಡದಿರುವುದು ಒಳ್ಳೆಯದು.

ಪ್ರಶ್ನೆ: ನಾಯಕ ಮುಂದೆ ಇರಬೇಕೇ, ಹಿಂದೆ ಇರಬೇಕೇ? ಅವನೇ ಸತ್ತರೆ ಪಡೆಯ ಗತಿಯೇನು?

ಉತ್ತರ: ಪರಿಸ್ಥಿತಿ ಅತ್ಯಂತ ಸ್ಪಷ್ಟವಾಗಿ ಕಾಣುವ ಮತ್ತು ಆಜ್ಞೆ ಎಲ್ಲರಿಗೂ ತಲುಪುವ ಜಾಗದಲ್ಲಿ ಇರಬೇಕು. ಬಾವುಟಗಳ ಕಾಲದಲ್ಲಿ ಅದು ಸಾಮಾನ್ಯವಾಗಿ ಸಾಲಿನ ನಡುಭಾಗವಾಗಿತ್ತು. 1942ರ ಜೂನ್‌ನಲ್ಲಿ ಮಿಡ್‌ವೇ ಕದನದ ಹೊತ್ತಿಗೆ ಜಪಾನಿನ ಯಮಾಮೊಟೊ ತನ್ನ ವಿಮಾನವಾಹಕ ನೌಕೆಗಳಿಂದ ನೂರಾರು ಮೈಲಿ ಹಿಂದೆ, ರೇಡಿಯೊ ಮೌನವನ್ನು ಪಾಲಿಸುತ್ತ ಸಾಗುತ್ತಿದ್ದ. ಅಲ್ಲಿಂದ ಅವನಿಗೆ ಕಾಣುವುದೂ ಇರಲಿಲ್ಲ, ಹೇಳುವುದೂ ಸಾಧ್ಯವಿರಲಿಲ್ಲ. ಅದೇ ವರ್ಷದ ನವೆಂಬರ್ 13ರ ರಾತ್ರಿ ಗ್ವಾಡಲ್‌ಕನಾಲ್ ಬಳಿ ಅಮೆರಿಕದ ಕ್ಯಾಲಹನ್ ತನ್ನ ಸಾಲಿನ ನಡುವೆಯೇ ಇದ್ದರೂ, ಅವನ ಹಡಗಿನಲ್ಲಿ ಒಳ್ಳೆಯ ಹೊಸ ರೇಡಾರ್ ಇರಲಿಲ್ಲ. ಆ ರೇಡಾರ್ ಇದ್ದ ಹೆಲೆನಾ ಸುಮಾರು 25 ನಿಮಿಷ ಮೊದಲೇ ಶತ್ರುವನ್ನು ಪತ್ತೆಹಚ್ಚಿತ್ತು. ಅದು ಕಂಡದ್ದು ಒಂದೇ ಒಂದು ಕಿಕ್ಕಿರಿದ ರೇಡಿಯೊ ಮಾರ್ಗದಲ್ಲಿ ಬಾಯಿಮಾತಾಗಿ ಬರಬೇಕಿತ್ತು, ಆಜ್ಞೆಗಳೂ ಅದರಲ್ಲಿಯೇ ಹೋಗಬೇಕಿತ್ತು. ಎರಡೂ ಪಡೆಗಳು ಕತ್ತಲೆಯಲ್ಲಿ ಒಂದರೊಳಗೊಂದು ಸೇರಿಹೋದವು. ಕ್ಯಾಲಹನ್ ಸತ್ತ, ಅಮೆರಿಕದ ಅಟ್ಲಾಂಟಾ ನೌಕೆಗೆ ತನ್ನದೇ ಪಡೆಯ ನಾಯಕನ ಹಡಗಿನ ಗುಂಡುಗಳೂ ತಗುಲಿದವು.

ನಾಯಕ ಸತ್ತರೆ ಏನಾಗುತ್ತದೆ ಎಂಬುದಕ್ಕೆ ರಷ್ಯಾದ ಪಡೆಗಳ ಕಥೆ ಹೃದಯ ಕಲಕುವಂಥದ್ದು. 1904ರ ಆಗಸ್ಟ್ 10ರಂದು ಜಪಾನಿನೊಂದಿಗೆ ನಡೆದ ಹಳದಿ ಸಮುದ್ರದ ಕದನದಲ್ಲಿ ಅಡ್ಮಿರಲ್ ವಿಟ್‌ಗೆಫ್ಟ್ ಗುಂಡಿಗೆ ಬಲಿಯಾದ. ಅವನ ಹಡಗಿನ ಚುಕ್ಕಾಣಿ ಸಿಕ್ಕಿಬಿದ್ದು ಅದು ವೃತ್ತಾಕಾರದಲ್ಲಿ ತಿರುಗತೊಡಗಿತು. ಇದು ಹೊಸ ಆಜ್ಞೆಯೇ ಇರಬೇಕೆಂದು ಹಿಂದಿನ ಹಡಗು ಅದನ್ನು ಅನುಸರಿಸಿತು. ಎರಡನೆಯ ಸ್ಥಾನದಲ್ಲಿದ್ದ ಅಧಿಕಾರಿಯ ಹಡಗಿನ ಕಂಬಗಳು ಮುರಿದುಬಿದ್ದಿದ್ದವು, ಆದ್ದರಿಂದ ಅವನು ಬಾವುಟಗಳನ್ನು ಹಡಗನ್ನು ನಡೆಸುವ ಅಟ್ಟದ ಕಟಕಟೆಗೆ ಕಟ್ಟಿಸಿದ. ಹೆಚ್ಚಿನವರಿಗೆ ಅವು ಕಾಣಲಿಲ್ಲ. ಪಡೆ ಒಡೆದುಹೋಯಿತು. ಮರುವರ್ಷ ಮೇ 27ರಂದು ಸುಷಿಮಾದಲ್ಲಿ ನಡೆದದ್ದು ಇನ್ನೂ ಕೆಟ್ಟದು. ಮುಖ್ಯ ನಾಯಕ ರೊಜೆಸ್ಟ್‌ವೆನ್‌ಸ್ಕಿಯ ನಂತರದ ಸ್ಥಾನದಲ್ಲಿದ್ದ ಫೆಲ್ಕರ್‌ಜಾಮ್ ಕದನಕ್ಕೆ ಕೆಲವು ದಿನ ಮೊದಲು ಕಾಯಿಲೆಯಿಂದ ತೀರಿಕೊಂಡಿದ್ದ. ಪಡೆಯ ಧೈರ್ಯ ಕುಗ್ಗಬಾರದೆಂದು ಸುದ್ದಿಯನ್ನು ಮುಚ್ಚಿಡಲಾಯಿತು, ಅವನ ಬಾವುಟ ಅವನ ಹಡಗಿನ ಮೇಲೆ ಹಾರುತ್ತಲೇ ಇತ್ತು. ಮೂರನೆಯವನಾದ ನೆಬೊಗಾಟೊಫ್‌ಗೆ ತಾನೀಗ ಎರಡನೆಯವನು ಎಂಬುದೇ ತಿಳಿದಿರಲಿಲ್ಲ. ಕದನದಲ್ಲಿ ಮುಖ್ಯ ನಾಯಕ ಗಾಯಗೊಂಡಾಗ ಗಂಟೆಗಟ್ಟಲೆ ಇಡೀ ಪಡೆಗೆ ನಾಯಕನೇ ಇರಲಿಲ್ಲ.

ಇದಕ್ಕೆ ಎದುರಾಗಿ ಮಿಡ್‌ವೇಯಲ್ಲಿ ಅಮೆರಿಕದ ಫ್ಲೆಚರ್ ನಡೆದುಕೊಂಡ ರೀತಿಯನ್ನು ನೋಡಿ. ಅವನ ಯಾರ್ಕ್‌ಟೌನ್ ನೌಕೆ ಏಟು ತಿಂದು ಅವನು ಬೇರೆ ಹಡಗಿಗೆ ಹೋಗಬೇಕಾಗಿ ಬಂದಾಗ, ತನ್ನಿಂದ ಇನ್ನು ವಿಮಾನಗಳನ್ನು ನಡೆಸಲಾಗದು ಎಂದರಿತು, ತನಗಿಂತ ಕಿರಿಯನಾದ ಸ್ಪ್ರೂಯನ್ಸ್‌ಗೆ ಅಧಿಕಾರವನ್ನು ತಾನಾಗಿಯೇ ಬಿಟ್ಟುಕೊಟ್ಟ. ಅಡ್ಮಿರಲ್‌ಗಳ ಚರಿತ್ರೆಯಲ್ಲಿ ಇಂಥದ್ದು ಅಪರೂಪ, ಇದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಅವನಿಗೆ ಸಂದಿಲ್ಲ.

ಪ್ರಶ್ನೆ: 1944ರಲ್ಲಿ ಫಿಲಿಪ್ಪೀನ್ಸ್‌ನ ಲೇಟೆ ಕೊಲ್ಲಿಯ ಕದನದಲ್ಲಿ ಅಮೆರಿಕದ ಹಾಲ್ಸೆಯಂತಹ ಅನುಭವಿ ನಾಯಕ ಒಂದು ಜಲಸಂಧಿಯನ್ನು ಕಾವಲಿಲ್ಲದೆ ಬಿಟ್ಟು ಹೋದದ್ದು ಹೇಗೆ?

ಉತ್ತರ: ಉತ್ತರದಲ್ಲಿ ಕಾಣಿಸಿಕೊಂಡ ಜಪಾನಿನ ವಿಮಾನವಾಹಕಗಳ ಹಿಂದೆ ಅವನು ಹೋದ, ಅವು ಅವನನ್ನು ಸೆಳೆಯಲೆಂದೇ ಬಂದಿದ್ದವು. ಆದರೆ ಮೋಸಹೋದದ್ದಕ್ಕಿಂತ ದೊಡ್ಡ ತಪ್ಪು ಮಾತಿನಲ್ಲಿತ್ತು. ಹಿಂದಿನ ದಿನ ಅವನು ತನ್ನವರಿಗೆ ಕಳುಹಿಸಿದ ಸಂದೇಶದಲ್ಲಿ, ಯುದ್ಧನೌಕೆಗಳ ಒಂದು ತಂಡವನ್ನು ರಚಿಸಲಾಗುವುದು ಎಂದಿತ್ತು. ಅದು ಮುಂದಿನ ಯೋಜನೆ. ಅದನ್ನು ಕೇಳಿಸಿಕೊಂಡ, ಇಳಿದಾಣದ ಹಡಗುಗಳ ರಕ್ಷಣೆಯ ಹೊಣೆ ಹೊತ್ತ ಕಿಂಕೇಡ್, ತಂಡ ಆಗಲೇ ರಚನೆಯಾಗಿ ಸ್ಯಾನ್ ಬರ್ನಾರ್ಡಿನೊ ಜಲಸಂಧಿಯನ್ನು ಕಾಯುತ್ತಿದೆ ಎಂದುಕೊಂಡ. ಇಬ್ಬರೂ ಬೇರೆ ಬೇರೆ ಮೇಲಧಿಕಾರಿಗಳ ಕೆಳಗಿದ್ದರು, ಇಬ್ಬರಿಗೂ ಮೇಲಾಗಿ ಸ್ಥಳದಲ್ಲಿ ಯಾರೂ ಇರಲಿಲ್ಲ. ಅಕ್ಟೋಬರ್ 25ರ ನಸುಕಿನ ನಾಲ್ಕು ಗಂಟೆ ದಾಟಿದ ಮೇಲೆ ಕಿಂಕೇಡ್ ನೇರವಾಗಿ ಕೇಳಿದ. ಇಲ್ಲ ಎಂಬ ಉತ್ತರ ಹೊರಟದ್ದು ಏಳರ ನಂತರ, ಅಷ್ಟರಲ್ಲಿ ಆ ಜಲಸಂಧಿಯನ್ನು ದಾಟಿ ಬಂದ ಜಪಾನಿನ ಅಡ್ಮಿರಲ್ ಕುರಿಟಾನ ನಾಲ್ಕು ಯುದ್ಧನೌಕೆಗಳು ಅಮೆರಿಕದ ಆರು ಸಣ್ಣ ವಿಮಾನವಾಹಕಗಳ ಮೇಲೆ ಗುಂಡು ಹಾರಿಸತೊಡಗಿದ್ದವು.

ಆ ಬೆಳಗ್ಗೆ ಅನಾಹುತವನ್ನು ತಡೆದದ್ದು ಮೂರು ಡಿಸ್ಟ್ರಾಯರ್‌ಗಳು ಮತ್ತು ನಾಲ್ಕು ಇನ್ನೂ ಚಿಕ್ಕ ಬೆಂಗಾವಲು ಹಡಗುಗಳು. ಜಾನ್‌ಸ್ಟನ್ ಎಂಬ ಡಿಸ್ಟ್ರಾಯರ್ ಆಜ್ಞೆ ಬರುವ ಮೊದಲೇ ತಾನಾಗಿ ಶತ್ರುವಿನತ್ತ ತಿರುಗಿ ಟಾರ್ಪೆಡೊ ದಾಳಿಗೆ ಹೊರಟಿತು. ಆ ಏಳರಲ್ಲಿ ಮೂರು ಮುಳುಗಿದವು. ಮೂರು ದಿನಗಳಲ್ಲಿ ತನ್ನ ಹಡಗನ್ನು ಕಳೆದುಕೊಂಡು ನೀರಿನಿಂದ ಮೇಲೆ ಬಂದು ಬೇರೆ ಹಡಗು ಹತ್ತಿದ್ದ, ನಿದ್ದೆಗೆಟ್ಟಿದ್ದ ಕುರಿಟಾ ಹಿಂದಿರುಗಿದ. ನಾಯಕನ ನಿದ್ದೆಯೂ ಪಡೆಯ ಬಲದ ಒಂದು ಅಂಗ ಎಂಬುದನ್ನು ಇಲ್ಲಿ ಸೇರಿಸಬಯಸುತ್ತೇನೆ.

ಪ್ರಶ್ನೆ: ಕ್ಷಿಪಣಿಗಳ ಈ ಕಾಲದಲ್ಲಿ ಇದೆಲ್ಲ ಹಳೆಯ ಕಥೆಯಲ್ಲವೇ?

ಉತ್ತರ: ಕಾಲಾವಕಾಶ ಮಾತ್ರ ಕುಗ್ಗಿದೆ, ಗಂಟೆಗಳಿದ್ದ ಕಡೆ ನಿಮಿಷಗಳಿವೆ. 1971ರ ಡಿಸೆಂಬರ್ 4ರ ರಾತ್ರಿ ಭಾರತೀಯ ನೌಕಾಪಡೆಯ ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕರಾಚಿಯ ಬಳಿ ಪಾಕಿಸ್ತಾನದ ಖೈಬರ್ ಮತ್ತು ಮುಹಾಫಿಜ್ ನೌಕೆಗಳನ್ನು ಮುಳುಗಿಸಿದ್ದು, ಮೊದಲು ಪರಿಣಾಮಕಾರಿಯಾಗಿ ಹೊಡೆದವನೇ ಗೆಲ್ಲುತ್ತಾನೆ ಎಂಬ ಹೊಸ ನಿಯಮಕ್ಕೆ ಸಾಕ್ಷಿ. ಹೀಗಾಗಿ ಇಂದಿನ ನಾಯಕನ ಮುಖ್ಯ ಚಿಂತೆ, ತಾನು ಕಾಣಿಸಿಕೊಳ್ಳದೆ ಶತ್ರುವನ್ನು ಕಾಣುವುದು ಹೇಗೆ ಎಂಬುದು. ರೇಡಾರ್ ಚಾಲೂ ಮಾಡಿದರೆ ದೂರದವರೆಗೆ ಕಾಣುತ್ತದೆ, ಆದರೆ ಅದಕ್ಕಿಂತ ದೂರದಲ್ಲಿರುವ ಶತ್ರುವಿಗೆ ತನ್ನ ಇರವು ತಿಳಿದುಬಿಡುತ್ತದೆ.

ಕ್ಷಿಪಣಿ ಬರುತ್ತಿರುವಾಗ ನಾಯಕನ ಅಪ್ಪಣೆಗೆ ಕಾಯುವಷ್ಟು ಸಮಯವಿರುವುದಿಲ್ಲವಾದ್ದರಿಂದ, ವಾಯುರಕ್ಷಣೆಯನ್ನೂ ಜಲಾಂತರ್ಗಾಮಿಗಳ ಬೇಟೆಯನ್ನೂ ಬೇರೆ ಬೇರೆ ಅಧಿಕಾರಿಗಳಿಗೆ ಒಪ್ಪಿಸಿ, ನಾಯಕ ಬೇಡ ಎನ್ನದ ಹೊರತು ಅವರು ಮುಂದುವರಿಯಬಹುದು ಎಂಬ ಪದ್ಧತಿ ಬಂದಿದೆ. ಇದರಲ್ಲಿಯೂ ಅಪಾಯವಿದೆ. 1982ರ ಮೇ 4ರಂದು ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷ್ ನೌಕೆ ಗ್ಲಾಸ್ಗೊ ಅರ್ಜೆಂಟೀನಾದ ದಾಳಿ ವಿಮಾನಗಳ ರೇಡಾರನ್ನು ಗುರುತಿಸಿ ಎಚ್ಚರಿಸಿತು. ಅದಕ್ಕೆ ಮೊದಲು ಸುಳ್ಳು ಎಚ್ಚರಿಕೆಗಳು ಪದೇ ಪದೇ ಬಂದಿದ್ದರಿಂದ, ವಾಯುರಕ್ಷಣೆಯ ಹೊಣೆ ಹೊತ್ತ ಇನ್‌ವಿನ್ಸಿಬಲ್‌ನಲ್ಲಿ ಇದನ್ನೂ ನಂಬಲಿಲ್ಲ. ಎಕ್ಸೋಸೆಟ್ ಕ್ಷಿಪಣಿ ಶೆಫೀಲ್ಡ್ ನೌಕೆಗೆ ಬಡಿದು 20 ಮಂದಿ ಸತ್ತರು. ಗ್ಲಾಸ್ಗೊ ಮಾತ್ರ ತಾನು ಕಂಡದ್ದನ್ನು ನಂಬಿ ತನ್ನ ರಕ್ಷಣೆಗೆ ಬೇಕಾದದ್ದನ್ನು ಕೂಡಲೇ ಮಾಡಿಕೊಂಡಿತ್ತು.

ಪ್ರಶ್ನೆ: ಗೆಲ್ಲುತ್ತಿರುವಾಗ ಬೆನ್ನಟ್ಟುವುದನ್ನು ಎಲ್ಲಿ ನಿಲ್ಲಿಸಬೇಕು?

ಉತ್ತರ: ಪಡೆ ಏತಕ್ಕಾಗಿ ಹೊರಟಿತ್ತು ಎಂಬುದನ್ನು ಕೇಳಿಕೊಳ್ಳಬೇಕು. 1942ರ ಜೂನ್ 4ರ ಸಂಜೆ ಜಪಾನಿನ ನಾಲ್ಕು ವಿಮಾನವಾಹಕಗಳೂ ಹೊತ್ತಿ ಉರಿಯುತ್ತಿದ್ದವು ಅಥವಾ ಮುಳುಗಿದ್ದವು. ಸ್ಪ್ರೂಯನ್ಸ್ ಪಶ್ಚಿಮಕ್ಕೆ ಬೆನ್ನಟ್ಟದೆ ರಾತ್ರಿ ಪೂರ್ವಕ್ಕೆ ಸರಿದ, ಬೆಳಗ್ಗೆ ಮಿಡ್‌ವೇ ದ್ವೀಪವನ್ನು ರಕ್ಷಿಸಲು ಸಾಧ್ಯವಾಗುವಷ್ಟು ಸಮೀಪಕ್ಕೆ ಮರಳಿದ. ಕತ್ತಲೆಯಲ್ಲಿ ವಿಮಾನಗಳು ನಿರುಪಯುಕ್ತ, ಜಪಾನಿನ ಯುದ್ಧನೌಕೆಗಳು ರಾತ್ರಿಯ ಹೋರಾಟದಲ್ಲಿ ನಿಪುಣವಾದವು, ತನಗೆ ಒಪ್ಪಿಸಿದ್ದು ದ್ವೀಪದ ರಕ್ಷಣೆ ಎಂಬುದು ಅವನ ವಿಚಾರ. ಅವಕಾಶ ಕೈಬಿಟ್ಟನೆಂದು ಹಲವರು ಆಗ ಟೀಕಿಸಿದರು. ಯಮಾಮೊಟೊ ಆ ರಾತ್ರಿ ತನ್ನ ಫಿರಂಗಿ ಹಡಗುಗಳನ್ನು ಪೂರ್ವಕ್ಕೆ, ಅಮೆರಿಕನ್ನರನ್ನು ಹುಡುಕಲೆಂದೇ ಕಳುಹಿಸಿದ್ದ. ಯಾರೂ ಸಿಗದಿದ್ದಾಗ ಜೂನ್ 5ರ ನಸುಕಿನಲ್ಲಿ, ಬೆಳಗಾದರೆ ಅಮೆರಿಕದ ವಿಮಾನಗಳಿಗೆ ತನ್ನ ಹಡಗುಗಳು ಗುರಿಯಾಗುತ್ತವೆ ಎಂದು ಇಡೀ ಕಾರ್ಯಾಚರಣೆಯನ್ನೇ ರದ್ದುಪಡಿಸಿದ.